ಒರೆಗಲ್ಲು ನಂಬಿದ ಹಾವು

ತಿಪಟೂರಿನ ಪಂಚಾಕ್ಷರಿ ಇದುವರೆಗೆ ಹಿಡಿದ ಹಾವುಗಳನ್ನೆಲ್ಲ ಬಾಲಕ್ಕೆ ತಲೆ ಸೇರಿಸಿ ಸಾಲಾಗಿ ಮಲಗಿಸಿದರೆ, ಆ ಸಾಲು ತಿಪಟೂರು ಸ್ಟೇಷನ್ನಿನಿಂದ ಹೊರಟು, ಅರಸೀಕೆರೆ ಜಂಕ್ಷನ್ನಿನಲ್ಲಿ ಕಾಫಿಗೆ ನಿಂತು, ಹುಬ್ಬಳ್ಳಿ ದಾಟಿ, ಮೀರಜಿನ ಹೊರಗೆ ಸಿಗ್ನಲ್ಲಿಗಾಗಿ ಕಾಯುತ್ತಿತ್ತು. ಇದು ಅವನೇ ಹಾಕಿದ ಲೆಕ್ಕ. ಕೊಬ್ಬರಿ ಮಾರುಕಟ್ಟೆಯ ಎದುರು ಅವನದೊಂದು ಮೋಟಾರು ರಿಪೇರಿ ಅಂಗಡಿ, ಅದಕ್ಕಂಟಿದಂತೆ ಲಕ್ಕಣ್ಣನ ಟೀ ಅಂಗಡಿ. ಮೊದಲನೆಯದರಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ, ಎರಡನೆಯದರಲ್ಲಿ ಮಾತು ಸುತ್ತುತ್ತಿದ್ದ.

"ಅದ್ರಲ್ಲಿ ನಾಗರಹಾವೇ ಎರಡು ಸಾವಿರ ಕಣಯ್ಯಾ. ಮರಿಗಳನ್ನ ಸೇರಿಸಿಲ್ಲ," ಎಂದ ಆ ಬೆಳಿಗ್ಗೆ.

"ಮರಿಗಳನ್ನೂ ಸೇರಿಸ್ಬಿಡಪ್ಪ," ಎಂದ ಲಕ್ಕಣ್ಣ ಟೀ ಎತ್ತಿ ಹೊಯ್ಯುತ್ತಾ, "ಅಷ್ಟು ದೂರ ಹೋದವು ಪುಣೇನೂ ನೋಡ್ಕಂಡು ಬರ್ಲಿ."

ಎಲ್ಲರೂ ನಕ್ಕರು. ಪಂಚಾಕ್ಷರಿಗೆ ಬೇಸರವಾಗಲಿಲ್ಲ. ಅವನು ಜೇಬಿನಿಂದ ಫೋನು ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ದೇವರ ಪಟ ಇಡುವ ನಯದಿಂದ ಇಟ್ಟ. ನಗು ಅಲ್ಲಿಗೇ ನಿಂತಿತು.

ಫೋನಿನಲ್ಲಿ ಆ ಪ್ರಸಿದ್ಧ ಫೋಟೋ ಇತ್ತು. ಕೊಬ್ಬರಿ ಮಂಡಿಯೊಂದರ ಅಂಗಳದಲ್ಲಿ ಪಂಚಾಕ್ಷರಿ ನಿಂತಿದ್ದಾನೆ. ಅವನ ಮುಂದೆ, ಅವನ ನೆತ್ತಿಯಿಂದ ನೆಲದವರೆಗೆ ಇಳಿದು ಮತ್ತೆ ಮೇಲೆದ್ದ ಕಪ್ಪು ಮಿರುಗುವ ಕಟ್ಟುಹಾವು. ಮೈತುಂಬ ಬಿಳಿ ಪಟ್ಟೆ. ಅದರ ಮುಂದೆ ಪಂಚಾಕ್ಷರಿಯ ತೊಡೆ ಬಾಳೆದಿಂಡಿನಷ್ಟೂ ಕಾಣುತ್ತಿಲ್ಲ. ಕೆಳಗೆ ಒಂದು ಸಾಲು: ಕಟ್ಟುಹಾವು, ಅತಿ ವಿಷಕಾರಿ, ಅಂದಾಜು ಉದ್ದ ಹನ್ನೊಂದಡಿ. ಆ ಸಾಲಿನ ಪಕ್ಕದಲ್ಲಿ ಹಸಿರು ಮುದ್ರೆ.

ಹಸಿರು ಮುದ್ರೆ ಬಿದ್ದ ಮೇಲೆ ಯಾರೂ ಮಾತಾಡುವಂತಿರಲಿಲ್ಲ. ಅದನ್ನು ಹಾಕಿದ್ದು ಒರೆಗಲ್ಲು, ಚಿತ್ರಗಳ ನಿಜ ಸುಳ್ಳು ಒರೆದು ನೋಡುವ ಯಂತ್ರ.

ಒರೆಗಲ್ಲು ಬರುವುದಕ್ಕೆ ಮುಂಚಿನ ಹತ್ತು ವರ್ಷ ಹೇಗಿದ್ದವೆಂದು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಆಗ ಯಂತ್ರಕ್ಕೆ ಒಂದು ವಾಕ್ಯ ಹೇಳಿದರೆ ಸಾಕು, ಫ್ರಿಜ್ಜಿನೊಳಗೆ ಕಾಳಿಂಗ, ಮದುವೆ ಮಂಟಪದಲ್ಲಿ ಏಳು ಹೆಡೆಯ ನಾಗರ, ಏನು ಬೇಕಾದರೂ ಹುಟ್ಟುತ್ತಿತ್ತು. ಒಂದೊಂದು ಫೋನಿನಲ್ಲಿ ಅಮೆಜಾನ್ ಕಾಡಿನಲ್ಲಿರುವುದಕ್ಕಿಂತ ಹೆಚ್ಚು ಹಾವುಗಳಿದ್ದವು. ಜನ ಕೇರೆಹಾವಿನ ಮರಿ ಕಂಡರೂ ಮನೆ ಬಿಟ್ಟು ಓಡಿದರು. ನಿಜವಾಗಿ ಕಡಿಸಿಕೊಂಡವರು ಯಾರೋ ಹುಟ್ಟಿಸಿದ ಸುಳ್ಳು ಚಿತ್ರ ತೋರಿಸಿ "ಇಂಥದ್ದೇ ಕಚ್ಚಿದ್ದು" ಎಂದರು, ತಪ್ಪು ಮದ್ದು ತೆಗೆದುಕೊಂಡು ಸತ್ತರು. ಆಮೇಲೆ ಕಾನೂನು ಬಂತು. ಪ್ರತಿ ಕ್ಯಾಮೆರಾದ ಕಣ್ಣಿನ ಹಿಂದೆ ಅಕ್ಕಿಕಾಳಿನ ಮುರುಕಿನಷ್ಟು ಒಂದು ಬಿಲ್ಲೆ ಕೂತಿತು. ಒಳಗೆ ಬಿದ್ದ ಬೆಳಕಿನ ಗುರುತನ್ನು ಅದು ಚಿತ್ರದ ಚುಕ್ಕೆಚುಕ್ಕೆಯೊಳಗೂ ನೇಯುತ್ತಿತ್ತು. ಆಮೇಲೆ ಒಂದೇ ಒಂದು ಚುಕ್ಕೆ ತಿದ್ದಿದರೂ ನೇಯ್ಗೆ ಹರಿದು ಒರೆಗಲ್ಲಿಗೆ ತಿಳಿಯುತ್ತಿತ್ತು. ಹುಟ್ಟಿಸಿದ ಚಿತ್ರಕ್ಕೆ ಕೆಂಪು, ತಿದ್ದಿದ್ದಕ್ಕೆ ಹಳದಿ, ಕ್ಯಾಮೆರಾ ಕಂಡದ್ದನ್ನೇ ತೋರಿಸುವ ಚಿತ್ರಕ್ಕೆ ಹಸಿರು. ಅಲ್ಲಿಂದಾಚೆಗೆ ಮನುಷ್ಯರು ಮನುಷ್ಯರನ್ನು ನಂಬುವ ಕಷ್ಟವೇ ತಪ್ಪಿತು.

ಕ್ಯಾಮೆರಾ ಕಂಡದ್ದೇ ಚಿತ್ರದಲ್ಲಿದೆಯೋ ಇಲ್ಲವೋ ಎಂದು ಒರೆಗಲ್ಲು ನೋಡುತ್ತಿತ್ತು. ಕ್ಯಾಮೆರಾದ ಮುಂದೆ ನಿಂತವನು ಎಂಥವನು ಎಂದು ನೋಡುವುದು ಅದರ ಕೆಲಸವಾಗಿರಲಿಲ್ಲ.

"ಮುಂದಿನ ಸೋಮವಾರ ಬೆಂಗಳೂರಿಂದ ಬರ್ತಾವ್ರೆ," ಎಂದ ಪಂಚಾಕ್ಷರಿ, "ರಾಜ್ಯ ವನ್ಯಚಿತ್ರ ಸಮ್ಮಾನ. ಹೊಸ ತಳಿ ಇರಬೌದಂತೆ. ಅದಕ್ಕೆ ನನ್ನ ಹೆಸರೇ ಇಡ್ತಾರಂತೆ."

"ಹಾವಿಗೋ, ತಳಿಗೋ?" ಎಂದ ಲಕ್ಕಣ್ಣ.

"ಎರಡಕ್ಕೂ."

*

ಈ ಫೋಟೋ ಹೇಗಾಯಿತೆಂಬುದನ್ನು ಪಂಚಾಕ್ಷರಿ ಊರಿಗೆ ಹದಿನಾಲ್ಕು ರೀತಿಯಲ್ಲಿ ಹೇಳಿದ್ದ. ಹದಿನೈದನೆಯದು ಇಲ್ಲಿದೆ.

ಕಳೆದ ಭಾನುವಾರ ಕೊಬ್ಬರಿ ಮಂಡಿಯ ಅಟ್ಟದಲ್ಲಿ, ಒಣಗಲೆಂದು ಹರಡಿದ್ದ ತೆಂಗಿನಕಾಯಿಗಳ ನಡುವೆ ಹಾವು ಕಾಣಿಸಿತು. ಮಂಡಿಯವರು ಪಂಚಾಕ್ಷರಿಯ ಮನೆಗೆ ಫೋನು ಮಾಡಿದರು. ಹಾವು ಸಿಕ್ಕಿತು, ಅಂಗೈ ಉದ್ದದ ಪ್ಲಾಸ್ಟಿಕ್ ಪೈಪಿನೊಳಗೆ ತಲೆ ತೂರಿಸಿ ಸುಮ್ಮನಾಯಿತು. ಹಿಂಭಾಗ ಮಾತ್ರ ಹೊರಗೆ ಜೋತಾಡುತ್ತಿತ್ತು. ಅದು ಕಟ್ಟುಹಾವಲ್ಲ, ತೋಳಹಾವು ಎಂಬುದು ಪಂಚಾಕ್ಷರಿಗೆ ಚೆನ್ನಾಗಿ ಗೊತ್ತಿತ್ತು. ವಿಷದ ಹನಿಯೂ ಇಲ್ಲದ ಹಲ್ಲಿಬಾಕ ಅದು. ಬದುಕಿಕೊಳ್ಳಲು ಕಟ್ಟುಹಾವಿನ ವೇಷ ಹಾಕಿರುತ್ತದೆ, ಆದರೆ ವೇಷ ಅರ್ಧಂಬರ್ಧ. ಕಟ್ಟುಹಾವಿಗೆ ಬಾಲದ ಕಡೆ ಬಿಳಿ ಪಟ್ಟೆ ದಟ್ಟ, ಕುತ್ತಿಗೆಯ ಹತ್ತಿರ ಇಲ್ಲ. ತೋಳಹಾವಿಗೆ ಕುತ್ತಿಗೆಯಲ್ಲೇ ಶುರುವಾಗಿ ಬಾಲದ ಕಡೆ ಮಾಸಿಹೋಗಿರುತ್ತದೆ.

ಮಂಡಿಯ ಅಂಗಳದಲ್ಲಿ ಒಬ್ಬನೇ ಉಳಿದಾಗ ಪಂಚಾಕ್ಷರಿಗೆ ಆ ಮಾಸಿದ ಬಾಲ ನೋಡಿ ಹೊಟ್ಟೆ ಉರಿಯಿತು. ದೇವರು ಇಷ್ಟು ಮಾಡಿದವನು ಇನ್ನೊಂದಿಷ್ಟು ಮಾಡಬಾರದಿತ್ತೇ? ಜೇಬಿನಲ್ಲಿ ಅತ್ತೆಯ ಸುಣ್ಣದ ಡಬ್ಬಿ ಇತ್ತು. ಬೆಳಿಗ್ಗೆ ಇರುವೆ ಕಚ್ಚಿದ ಕಾಲಿಗೆ ಹಚ್ಚಿಕೊಳ್ಳಲು ತೆಗೆದುಕೊಂಡಿದ್ದ. ಬೆಂಕಿಕಡ್ಡಿಯ ತುದಿಯಲ್ಲಿ ಸುಣ್ಣ ಅದ್ದಿ, ಪೈಪಿನ ಹೊರಗಿದ್ದ ಹಿಂಭಾಗಕ್ಕೆ ಒಂದೊಂದೇ ಪಟ್ಟೆ ಬರೆದ. ಹದಿನೆಂಟು ಪಟ್ಟೆ. ಮೈಸೂರು ಅರಮನೆಯ ಚಿತ್ರಗಾರರೂ ಅಷ್ಟು ಸಮನಾಗಿ ಎಳೆದಿರಲಾರರು.

ಉಳಿದದ್ದು ಉದ್ದ. ಅದಕ್ಕೆ ಉಪಾಯ ಇನ್ನೂ ಸುಲಭ. ಎಂಟಡಿ ಬಿದಿರಿನ ತುದಿಗೆ ಹಾವನ್ನು ಪೈಪಿನಿಂದ ಜಾರಿಸಿದ, ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಹತ್ತು ಎಣಿಸುವ ಗುಂಡಿ ಒತ್ತಿದ, ಬಿದಿರನ್ನು ಕ್ಯಾಮೆರಾದ ಮೂಗಿಗೆ ತಾಗುವ ಹಾಗೆ ಚಾಚಿ ತಾನು ದೂರ ನಿಂತ. ಮೂಗಿನ ಹತ್ತಿರ ಹಿಡಿದ ಕಡಲೆಬೀಜವೂ ಬೆಟ್ಟ ಮುಚ್ಚುತ್ತದಲ್ಲವೇ? ಬಿದಿರು ಹಾವಿನ ಮೈಯ ಹಿಂದೆಯೇ ಮರೆಯಾಯಿತು. ಒರೆಗಲ್ಲು ಅವನ ಎತ್ತರಕ್ಕೆ ಹಾವನ್ನು ಹೋಲಿಸಿ ಹನ್ನೊಂದಡಿ ಎಂದಿತು. ಒಂದು ಚುಕ್ಕೆಯನ್ನೂ ತಿದ್ದಿರಲಿಲ್ಲವಾದ್ದರಿಂದ ಹಸಿರು ಒತ್ತಿತು.

ಹಾವನ್ನು ಆವತ್ತೇ ಕೆರೆ ಏರಿಯ ಮೇಲೆ ಬಿಟ್ಟುಬಿಡಬೇಕಿತ್ತು. ಆದರೆ ಸಂಜೆಯೊಳಗೆ ಆರು ಲಕ್ಷ ಜನ ನೋಡಿದರು, ಮರುದಿನ ಬೆಂಗಳೂರಿನಿಂದ ಫೋನು ಬಂತು. ಅವರು ಇನ್ನೆರಡು ಫೋಟೋ ಕೇಳಿದರೆ? ಪಂಚಾಕ್ಷರಿ ಹಾವನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬಚ್ಚಲುಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ. ಸುಣ್ಣದ ಡಬ್ಬಿಯನ್ನೂ, ಪಟ್ಟೆ ಉದುರಿದರೆ ಬೇಕಾಗುತ್ತದೆಂದು, ಅದೇ ಮೊಳೆಗೆ ಇನ್ನೊಂದು ಪುಟ್ಟ ಚೀಲದಲ್ಲಿಟ್ಟ.

ಅವನ ಹೆಂಡತಿ ದಾಕ್ಷಾಯಿಣಿ ಕೊಬ್ಬರಿಪುಡಿ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಫೋಟೋವನ್ನು ಒಂದೇ ಸಲ, ಊಟದ ತಟ್ಟೆ ಎತ್ತಿಕೊಂಡು ಹೋಗುತ್ತಾ ನೋಡಿದ್ದಳು.

"ಮಂಡೀದನ್ನ ಕೆರೆ ಏರಿ ಮೇಲೆ ಬಿಟ್ರಿ ತಾನೆ?"

"ಬಿಡ್ದೆ? ಇದು ಬೇರೆ. ನೀನು ಡ್ಯೂಟಿಗೆ ಹೋದ ಮೇಲೆ ಸಿಕ್ಕಿದ್ದು."

"ಹನ್ನೊಂದಡಿ?"

"ಬಾಲ ಒಂಚೂರು ಮಡಚ್ಕಂಡಿತ್ತು. ಇಲ್ದಿದ್ರೆ ಹನ್ನೆರಡು."

ಗಂಡ ಹೇಳಿದ ಯಾವ ಸಂಖ್ಯೆಯನ್ನಾದರೂ ಹತ್ತರಿಂದ ಭಾಗಿಸಿ ಮರೆತುಬಿಡುವುದು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಕಲಿತ ವಿದ್ಯೆ. ಭಾಗಿಸಿ, ಮರೆತು, ಪಾತ್ರೆ ತೊಳೆಯಲು ಹೋದಳು.

*

ಇಷ್ಟೆಲ್ಲ ಪ್ರಸಿದ್ಧಿಯ ನಡುವೆ ಮನೆಯಲ್ಲಿ ಒಬ್ಬರೇ ಒಬ್ಬರು ಕಷ್ಟದಲ್ಲಿದ್ದರು. ದಾಕ್ಷಾಯಿಣಿಯ ತಾಯಿ ಗುರುಸಿದ್ಧಮ್ಮ, ಎಪ್ಪತ್ತೆರಡು ವರ್ಷದವರು, ನಾಲ್ಕು ದಿನದಿಂದ ಸುಣ್ಣವಿಲ್ಲದೆ ಎಲೆ ಅಗಿಯುತ್ತಿದ್ದರು.

ಟೀ ಅಂಗಡಿಯಲ್ಲಿ ಸಮ್ಮಾನದ ಮಾತಾಡಿ ಪಂಚಾಕ್ಷರಿ ಮನೆಗೆ ಬಂದಾಗ ಬೆಳಗಿನ ಹತ್ತು ಗಂಟೆ ದಾಟಿತ್ತು. ದಾಕ್ಷಾಯಿಣಿ ಕೆಲಸಕ್ಕೆ ಹೋಗಿದ್ದಳು. ಬಚ್ಚಲುಮನೆಯ ಕಡೆಯಿಂದ ಅತ್ತೆ ಎಡಗೈ ಹಿಡಿದುಕೊಂಡು ನಿಧಾನವಾಗಿ ಬಂದರು.

"ಅಳಿಯಂದ್ರೆ, ಬಾಗ್ಲ ಹಿಂದೆ ಚೀಲ ನೇತಾಕಿದ್ದು ನೀವೇನಾ?"

ಪಂಚಾಕ್ಷರಿ ಬಚ್ಚಲುಮನೆಯ ಕಡೆ ಕತ್ತು ಚಾಚಿ ನೋಡಿದ. "ಯಾಕತ್ತೆ?"

"ಸುಣ್ಣದ ಡಬ್ಬಿ ಹುಡುಕ್ತಾ ಇದ್ದೆ. ಕನ್ನಡ್ಕ ಇರ್ಲಿಲ್ಲ. ದೊಡ್ ಚೀಲಕ್ಕೆ ಕೈ ಹಾಕ್ದೆ, ಕಚ್ತು. ಕರ್ರಗೆ, ಬೆಳ್ಳಗೆ ಸರ್ರಂತ ಮೋರಿ ಕಡೆ ಹೋಯ್ತು." ಅತ್ತೆ ಗೋಡೆಗೆ ಒರಗಿ ಕೂತರು. "ನಿಮ್ಮ ಹನ್ನೊಂದಡಿ ಹಾವು ತಾನೆ? ಅಲ್ಲ, ಅಷ್ಟುದ್ದದ್ದು ಆ ಸೇರಕ್ಕಿ ಚೀಲದಾಗೆ ಹೆಂಗ್ ಕೂತಿತ್ತಪ್ಪ?"

ತೋಳಹಾವು ಕಚ್ಚಿದರೆ ಏನೂ ಆಗುವುದಿಲ್ಲ. ಪಂಚಾಕ್ಷರಿಗೆ ಅದು ಗೊತ್ತಿತ್ತು, ಹೇಳಬಹುದಿತ್ತು. "ಅದಕ್ಕೆ ವಿಷ ಇಲ್ಲ ಅತ್ತೆ" ಎಂಬ ನಾಲ್ಕು ಮಾತು. ಆದರೆ ಆ ನಾಲ್ಕು ಮಾತಿನ ಹಿಂದೆ ಸುಣ್ಣ, ಸುಣ್ಣದ ಹಿಂದೆ ಬಿದಿರು, ಬಿದಿರಿನ ಹಿಂದೆ ಸೋಮವಾರ. ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಕೂಗು ಕೇಳಿದ್ದ ಪಕ್ಕದ ಮನೆಯವರು ಫೋನು ಒತ್ತಿಯಾಗಿತ್ತು, ಆಸ್ಪತ್ರೆಯ ಗಾಡಿ ಬಾಗಿಲಿಗೆ ಬಂದಾಗಿತ್ತು. ಗಾಡಿಯಲ್ಲಿ ಕೂತ ಪಂಚಾಕ್ಷರಿ ತನಗೆ ತಾನೇ ಸಮಾಧಾನ ಹೇಳಿಕೊಂಡ: ಡಾಕ್ಟರು ಗಾಯ ನೋಡಿ, ಏನಿಲ್ಲ ಹೋಗಿ ಎಂದು ಕಳಿಸುತ್ತಾರೆ. ಅಷ್ಟೆ.

*

ಹಾವುಕಡಿತ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಒಂದು ಇಡೀ ಗೋಡೆಯೇ ಪರದೆ. ಅದರ ಮುಂದೆ ಮಂಚ, ಮಂಚದ ಮೇಲೆ ಗುರುಸಿದ್ಧಮ್ಮ. ಗೋಡೆಯ ಮೇಲೆ ಆನೆಯಷ್ಟು ಗಾತ್ರದ ಪಂಚಾಕ್ಷರಿ, ಅವನ ಮುಂದೆ ರೈಲಿನಷ್ಟು ಹಾವು.

ಕೇಂದ್ರದ ವೈದ್ಯೆ ಡಾಕ್ಟರ್ ನಾಜನೀನ್ ಸಣ್ಣ ದನಿಯ, ದೊಡ್ಡ ಕನ್ನಡಕದ ಹೆಂಗಸು. "ಇದೇ ಹಾವಾ ಅಜ್ಜಿ?"

"ಅಳಿಯಂದ್ರು ಹಿಡಿದಿದ್ದೇ ಕಣವ್ವ. ಅವರ ಚೀಲದಾಗೇ ಇತ್ತು."

ಅಷ್ಟು ಸಾಕಾಯಿತು. ಪರದೆಯ ಕೆಳಗೆ ಅಕ್ಷರಗಳು ಓಡಿದವು. ಕಟ್ಟುಹಾವು. ಚಿತ್ರ ನಿಜ. ಪ್ರತಿವಿಷ, ನಲವತ್ತು ಸೀಸೆ. ಕಡಿತದಿಂದ ಅರವತ್ತು ನಿಮಿಷದೊಳಗೆ. ಮೂಲೆಯ ಗಡಿಯಾರ ಮೂವತ್ತಮೂರರಿಂದ ಹಿಂದಕ್ಕೆ ಎಣಿಸತೊಡಗಿತು.

ಡಾಕ್ಟರು ಗುರುಸಿದ್ಧಮ್ಮನ ಹಳೆಯ ದಾಖಲೆ ತೆರೆದರು, ಓದಿದರು, ಮತ್ತೊಮ್ಮೆ ಓದಿದರು. ಪಂಚಾಕ್ಷರಿಯನ್ನು ಪಕ್ಕಕ್ಕೆ ಕರೆದರು.

"ಇವರಿಗೆ ಮುಂಚೆ ಒಮ್ಮೆ ಕಚ್ಚಿತ್ತಾ?"

"ಹ್ಞೂ. ಇಪ್ಪತ್ಮೂರು ವರ್ಷದ ಹಿಂದೆ. ಮಂಡಲದ ಹಾವು."

"ಆವತ್ತು ಕೊಟ್ಟ ಇಂಜೆಕ್ಷನ್ ಮೈಗೆ ಒಗ್ಗದೆ ಗಂಟಲು ಊದಿ, ಹೃದಯ ಅರ್ಧ ನಿಮಿಷ ನಿಂತಿತ್ತು. ಇನ್ನೊಂದು ಸಲ ಕೊಟ್ಟರೆ ತಡ್ಕೋತಾರೆ ಅಂತ ನಾನು ಹೇಳಲಾರೆ." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ಕಟ್ಟುಹಾವೇ ಆಗಿದ್ದರೆ ಕೊಡಲೇಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಉಸಿರು ನಿಲ್ಲುತ್ತೆ. ಕಟ್ಟುಹಾವಲ್ಲದಿದ್ದರೆ, ಕೊಟ್ಟು ನಾನೇ ಕೊಂದ ಹಾಗೆ. ಗಾಯ ನೋಡಿದರೆ ನನಗೆ ಅನುಮಾನ. ಕಟ್ಟುಹಾವಿನದು ಎರಡೇ ಚುಕ್ಕೆ, ಇಲ್ಲಿ ಸಣ್ಣ ಹಲ್ಲಿನ ಸಾಲೇ ಇದೆ. ಆದರೆ ಹಸಿರು ಮುದ್ರೆ ಇರುವಾಗ ನನ್ನ ಅನುಮಾನಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಚಿತ್ರ ತೆಗೆದವರು ತಾವೇ ಸಾಕ್ಷ್ಯ ಹಿಂತೆಗೆದುಕೊಂಡರೆ ಮಾತ್ರ."

ಪಂಚಾಕ್ಷರಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಆ ನಾಲಿಗೆ ಹುಟ್ಟಿದಾಗಿನಿಂದ ಒಣಗಿದ್ದು ಅದೇ ಮೊದಲು.

"ಡಾಕ್ಟ್ರೇ, ಇಂಜೆಕ್ಷನ್ ಬ್ಯಾಡ."

"ಯಾಕೆ?"

"ಅದು ಕಟ್ಟುಹಾವೇ. ಆದ್ರೆ ವಿಷ ಇಲ್ಲ. ನಾನೇ ಹಿಂಡಿ ತೆಗೆದಿದೀನಿ. ಎರಡು ಲೋಟ ಬಂತು."

"ಲೋಟ ತರಿಸಿ."

"ಚೆಲ್ಬಿಟ್ಟೆ. ಚೆಲ್ಲಿದ ಜಾಗದಾಗೆ ಹುಲ್ಲು ಸುಟ್ಟೋಗದೆ."

ಡಾಕ್ಟರು ಅವನನ್ನೇ ನೋಡಿದರು. ಗಡಿಯಾರದಲ್ಲಿ ಇಪ್ಪತ್ತೊಂಬತ್ತು. ನರ್ಸು ಸೀಸೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಗಾಜಿಗೆ ಗಾಜು ತಾಗುವ ಒಂದೊಂದು ಸದ್ದೂ ಪಂಚಾಕ್ಷರಿಯ ಕಿವಿಗೆ ಗುಡಿಯ ಗಂಟೆಯಷ್ಟು ಜೋರಾಗಿ ಬಡಿಯಿತು.

"ಹಾಗಲ್ಲ ಡಾಕ್ಟ್ರೇ. ಕಚ್ಚಿದ್ದು ಫೋಟೋದಾಗಿನ ಹಾವಲ್ಲ. ಅದರ ತಮ್ಮ. ಪಾಪದ್ದು."

"ಪಂಚಾಕ್ಷರಿಯವರೇ, ನಿಮ್ಮ ಅತ್ತೆ ಜೀವದ ಮಾತು ಇದು. ನಿಮ್ಮ ಹಾವಿನ ವಂಶಾವಳಿ ಬೇಡ ನನಗೆ." ಡಾಕ್ಟರು ಗೋಡೆಯ ಕಡೆ ತಿರುಗಿದರು. ಇಷ್ಟು ಹೊತ್ತು ಅವರೂ ಎಲ್ಲರಂತೆ ಹಸಿರು ಮುದ್ರೆಯನ್ನೇ ನೋಡಿದ್ದರು, ಈಗ ಚಿತ್ರವನ್ನು ನೋಡತೊಡಗಿದರು. ಬೆರಳಾಡಿಸಿದಂತೆ ಹಾವಿನ ಕುತ್ತಿಗೆ ದೊಡ್ಡದಾಯಿತು, ನಡು, ಬಾಲ, ಆಮೇಲೆ ದೂರದಲ್ಲಿ ನಿಂತ ಪಂಚಾಕ್ಷರಿಯ ಕೈ. ಹೆಬ್ಬೆರಳ ಉಗುರು ಗೋಡೆಯ ಮೇಲೆ ಕಿಟಕಿಯಷ್ಟು ಅಗಲವಾಗಿ ಬಂದು ನಿಂತಿತು. ಉಗುರಿನ ಸಂದಿಯಲ್ಲಿ ಬೆಳ್ಳನೆಯ ಗೆರೆ.

"ಇದೇನು?"

"ವಿಷ," ಎಂದ ಪಂಚಾಕ್ಷರಿ. "ಒಣಗಿದ್ದು."

ಮಂಚದ ಮೇಲೆ ಅತ್ತೆ ಎದ್ದು ಕೂತರು. "ಯಾರಾದ್ರೂ ನನ್ ಕನ್ನಡ್ಕ ಕೊಡ್ರಿ." ನರ್ಸು ಕೊಟ್ಟಳು. ಗುರುಸಿದ್ಧಮ್ಮ ಗೋಡೆಯನ್ನು ದಿಟ್ಟಿಸಿದರು. ಐವತ್ತೈದು ವರ್ಷದಿಂದ ದಿನಕ್ಕೆ ಹನ್ನೆರಡು ಸಲ ಸ್ವಂತ ಉಗುರಿನಲ್ಲಿ ಕಂಡದ್ದನ್ನು ಅವರಿಗೆ ಯಾವ ಯಂತ್ರವೂ ಗುರುತು ಹಿಡಿದು ಹೇಳಬೇಕಿರಲಿಲ್ಲ.

"ಅದು ಸುಣ್ಣ ಕಣವ್ವ ಡಾಕ್ಟ್ರಮ್ಮ," ಎಂದರು. "ನನ್ ಸುಣ್ಣ. ಅಳಿಯಂದ್ರೆ, ನೀವು ಎಲೆ ಹಾಕಲ್ವಲ್ಲ. ಉಗುರಿಗೆ ಹೆಂಗ್ ಬಂತು?"

ಗಡಿಯಾರದಲ್ಲಿ ಇಪ್ಪತ್ನಾಲ್ಕು.

ಪಂಚಾಕ್ಷರಿ ಗೋಡೆ ನೋಡಿದ, ಸೀಸೆಗಳನ್ನು ನೋಡಿದ, ಅತ್ತೆಯ ಊದಿರದ, ಸುಕ್ಕುಸುಕ್ಕಾದ ಎಡಗೈ ನೋಡಿದ. ಹೊಸ ಸುಳ್ಳಿಗಾಗಿ ತಲೆಯೊಳಗೆ ಕೈಯಾಡಿಸಿದರೆ, ಎಂದೂ ಬರಿದಾಗದ ಆ ಕಣಜದಲ್ಲಿ ಒಂದು ಕಾಳೂ ಸಿಗಲಿಲ್ಲ.

"ನಾನು ಹಚ್ಚಿದ್ದು," ಎಂದ. "ಹಿಂದಿನ ಪಟ್ಟೆಯೆಲ್ಲ ಸುಣ್ಣ. ಕಟ್ಟುಹಾವು ಅಲ್ಲ ಅದು, ತೋಳಹಾವು. ಕ್ಯಾಮೆರಾ ಹತ್ರ ಹಿಡಿದು ದೊಡ್ಡದು ಮಾಡಿದೆ. ಹಿಂತೆಗೀತೀನಿ ಡಾಕ್ಟ್ರೇ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು?"

ಡಾಕ್ಟರು ಹೆಬ್ಬೆಟ್ಟು ಒತ್ತುವ ಗಾಜಿನ ಹಲಗೆಯೊಂದನ್ನು ಅವನ ಮುಂದೆ ಹಿಡಿದರು. ಆದರೆ ಕೊಡಲಿಲ್ಲ.

"ಒಂದು ಪ್ರಶ್ನೆ ಉಳಿದಿದೆ. ಸುಣ್ಣ ಹಚ್ಚಿದ್ದು ನಂಬ್ತೀನಿ. ಸುಣ್ಣದ ಕೆಳಗಿದ್ದದ್ದು ತೋಳಹಾವೇ ಅಂತ ಯಾರು ಹೇಳಿದ್ದು? ಕಟ್ಟುಹಾವಿಗೂ ಒಮ್ಮೊಮ್ಮೆ ಪಟ್ಟೆ ಮಾಸಿರುತ್ತೆ. ಐದು ನಿಮಿಷದಲ್ಲಿ ಮೂರು ಸುಳ್ಳು ಹೇಳಿದ ನಿಮ್ಮ ಒಬ್ಬರ ಮಾತಿನ ಮೇಲೆ ನಾನು ಇಂಜೆಕ್ಷನ್ ನಿಲ್ಲಿಸಲಾ?"

ಇದಕ್ಕೆ ಉತ್ತರ ಇತ್ತು. ಆದರೆ ಅದು ಅವನೊಬ್ಬನದಾಗಿರಲಿಲ್ಲ. ಅದನ್ನು ಅತ್ತೆಯ ಎದುರು ಹೇಳುವುದಿಲ್ಲವೆಂದು ಇಪ್ಪತ್ತೆರಡು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ. ಊರಲ್ಲಿ ಅವನು ಹೇಳಿದ ಸಾವಿರ ಸುಳ್ಳುಗಳೆಲ್ಲ ಆ ಒಂದು ಮಾತನ್ನು ಮುಚ್ಚಲು ಹೊದಿಸಿದ ಹಚ್ಚಡವೇ. ಹಚ್ಚಡ ಕ್ರಮೇಣ ಅವನಿಗೆ ತುಂಬಾ ಬೆಚ್ಚಗಾಯಿತು ಎನ್ನುವುದು ಬೇರೆ ಮಾತು.

"ನಾನು ಹೇಳಿದ್ದಲ್ಲ," ಎಂದ ತಲೆ ತಗ್ಗಿಸಿ. "ದಾಕ್ಷಾಯಿಣಿ ಹೇಳಿದ್ದು. ಹಿಡಿದವಳೂ ಅವಳೇ. ಎಲ್ಲಾ ಹಾವೂ ಅವಳೇ ಹಿಡಿಯೋದು."

ಗುರುಸಿದ್ಧಮ್ಮ ಕನ್ನಡಕದ ಮೇಲಿಂದ ಅಳಿಯನನ್ನು ನೋಡುತ್ತಲೇ ಇದ್ದರು.

"ನಿಮಗೆ ಮಂಡಲದ ಹಾವು ಕಚ್ಚಿದಾಗ ಅವಳ ಹತ್ರ ಆಣೆ ತಗೊಂಡ್ರಲ್ಲ ಅತ್ತೆ, ಇನ್ಮೇಲೆ ಹಾವು ಮುಟ್ಟಲ್ಲ ಅಂತ. ಅವಳಿಗೆ ಬಿಡಕ್ಕಾಗ್ಲಿಲ್ಲ. ಯಾರ ಮನೇಲಾದ್ರೂ ಹಾವು ಹೊಡೀತಾರೆ ಅಂತ ಕೇಳಿದ್ರೆ ಅವಳಿಗೆ ಅನ್ನ ಇಳೀತಿರ್ಲಿಲ್ಲ. ಅದಕ್ಕೆ ಎಲ್ಲರನ್ನೂ ಹೊರಗೆ ಕಳಿಸಿ ಅವಳು ಹಿಡಿಯೋಳು, ನಾನು ಹಿಡಿದೆ ಅಂತ ಊರಿಗೆಲ್ಲ ಹೇಳ್ಕಂಡು ಬಂದೆ."

ಡಾಕ್ಟರು ಆಗಲೇ ಕಾರ್ಖಾನೆಗೆ ಫೋನು ಮಾಡಿಸಿದ್ದರು. ಯಂತ್ರಗಳ ಗುಂಯ್ ಸದ್ದಿನ ನಡುವಿನಿಂದ ದಾಕ್ಷಾಯಿಣಿಯ ದನಿ ಕೊಠಡಿ ತುಂಬಿತು. ಡಾಕ್ಟರು ವಿಷಯ ಹೇಳಿದರು. ಆಮೇಲೆ ಅವಳ ಮಾತು ಸಾಮಾನು ಪಟ್ಟಿ ಓದಿದಷ್ಟು ನೇರವಾಗಿ ಬಂತು.

"ಮಂಡಿ ಅಟ್ಟದ್ದು ತೋಳಹಾವೇ ಮೇಡಂ. ಎರಡು ಸಲ ನೋಡಿದೀನಿ. ಕುತ್ತಿಗೇಲೇ ಪಟ್ಟೆ ಶುರು, ಬಾಲದ ಕಡೆ ಏನೂ ಇಲ್ಲ. ಮೂತಿ ಚಪ್ಪಟೆ. ಬೆನ್ನ ನಡು ಸಾಲಿನ ಹುರುಪೆ ಪಕ್ಕದವಷ್ಟೇ ಸಣ್ಣವು. ಕಟ್ಟುಹಾವಾಗಿದ್ರೆ ಅಲ್ಲಿ ದೊಡ್ಡ ಆರುಮೂಲೆ ಹುರುಪೆ ಇರಬೇಕಿತ್ತು. ಚಿತ್ರದಾಗೇ ನೋಡಿ, ಅದನ್ನ ಸುಣ್ಣದಾಗೆ ಬರೆಯಕ್ಕೆ ಇವರ ಕೈಲಿ ಆಗಿರಲ್ಲ."

ಡಾಕ್ಟರು ಹಾವಿನ ಬೆನ್ನನ್ನು ಗೋಡೆ ತುಂಬ ಹಿಗ್ಗಿಸಿದರು. ನಡುಸಾಲಿನ ಹುರುಪೆಗಳು ಪಕ್ಕದವಷ್ಟೇ ಸಣ್ಣಗಿದ್ದವು. ಅವರು ಹಲಗೆಯನ್ನು ಪಂಚಾಕ್ಷರಿಯ ಕೈಗೆ ಕೊಟ್ಟರು. ಅವನು ಹೆಬ್ಬೆಟ್ಟು ಒತ್ತಿ, ಕಾರಣವನ್ನು ತನ್ನ ಬಾಯಿಂದಲೇ ಹೇಳಿದ. ಸುಣ್ಣ, ಬಿದಿರು, ಎಲ್ಲವನ್ನೂ. ಹೇಳಿ ಮುಗಿಸಿದ ಕ್ಷಣ ಹಸಿರು ಮುದ್ರೆ ಮಂಜಿನಂತೆ ಕರಗಿತು. ಪರದೆಯಲ್ಲಿ ಹೊಸ ಸಾಲು ಬಂತು: ತೋಳಹಾವು. ವಿಷವಿಲ್ಲ. ಗಾಯ ತೊಳೆಯಿರಿ. ಹಿಂದಕ್ಕೆ ಓಡುತ್ತಿದ್ದ ಗಡಿಯಾರ ಹದಿನೇಳರಲ್ಲಿ ನಿಂತು, ಆರಿಹೋಯಿತು. ಅದರ ಹಿಂದೆಯೇ ಪಂಚಾಕ್ಷರಿಯ ಫೋನು ಗುನುಗಿತು. ಸೋಮವಾರದ ಸಮ್ಮಾನ ರದ್ದಾಗಿತ್ತು. ಅವನು ನೋಡಲೂ ಇಲ್ಲ.

ನರ್ಸು ಸೀಸೆಗಳನ್ನು ಒಂದೊಂದಾಗಿ ವಾಪಸ್ಸು ಪೆಟ್ಟಿಗೆಗೆ ಹಾಕುತ್ತಿದ್ದಳು. ಪಂಚಾಕ್ಷರಿ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಜೀವಮಾನದಲ್ಲಿ ಅಷ್ಟು ಹಗುರವಾಗಿ ಅವನು ಉಸಿರಾಡಿರಲಿಲ್ಲ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

"ಅವ್ವಂಗೆ ಕೊಡಿ ಫೋನು," ಎಂದಳು ದಾಕ್ಷಾಯಿಣಿ.

"ಇಲ್ಲೇ ಇದೀನಿ," ಎಂದರು ಗುರುಸಿದ್ಧಮ್ಮ. "ನನ್ ತಲೆ ಮುಟ್ಟಿ ಆಣೆ ಮಾಡಿದ್ದೆ ನೀನು."

"ಮಾಡಿದ್ದೆ ಅವ್ವ."

"ಮಾಡಿ ಮುರಿದೆ."

"ಮುರಿದೆ ಅವ್ವ."

"ಇಪ್ಪತ್ತೆರಡು ವರ್ಷ ಹಾವು ಹಿಡಿದೂ ಒಂದ್ಸಲಾನೂ ಕಚ್ಚಿಸ್ಕಂಡಿಲ್ವಾ?"

"ಇಲ್ಲ ಅವ್ವ."

ಗುರುಸಿದ್ಧಮ್ಮನ ಮುಖದ ಸುಕ್ಕುಗಳು ಒಂದೊಂದಾಗಿ ಸಡಿಲವಾದವು. "ಸಾಯಂಕಾಲ ಬೇಗ ಬಾ. ಬಚ್ಚಲ ಮೋರೀಲಿ ಅದು ಕೂತಿರ್ತದೆ. ನಾನು ಪಕ್ಕದಾಗೆ ನಿಂತ್ಕಂಡು ನೋಡ್ತೀನಿ, ಹೆಂಗೆ ಹಿಡೀತೀಯ ಅಂತ." ಫೋನು ನರ್ಸಿನ ಕೈಗೆ ಹೋಯಿತು. ಡಾಕ್ಟರ್ ನಾಜನೀನ್ ಮುಖ ಆಚೆ ತಿರುಗಿಸಿ ನಗು ನುಂಗುತ್ತಿದ್ದರು.

ಟಿಟಿ ಇಂಜೆಕ್ಷನ್ ಆಯಿತು, ಬಿಸ್ಕತ್ತು, ಕಾಫಿ ಬಂತು. ಗುರುಸಿದ್ಧಮ್ಮ ಬಿಸ್ಕತ್ತನ್ನು ಕಾಫಿಗೆ ಅದ್ದುತ್ತಾ, ನೆಲದ ಮೇಲೆ ಕೂತಿದ್ದ ಅಳಿಯನ ಕಡೆ ಬಗ್ಗಿದರು.

"ಅಳಿಯಂದ್ರೆ, ಇವತ್ತು ನಿಜ ಹೇಳೋ ದಿನ ಅಂತ ಇಟ್ಕಳಿ. ಅವಳು ಹಿಡಿದಿದ್ದು ಬಿಟ್ಟು, ನೀವೇ ಸ್ವಂತ ಕೈಲಿ ಹಿಡಿದ ಹಾವು ಎಷ್ಟು?"

ಪಂಚಾಕ್ಷರಿ ಬಾಯಿ ತೆರೆದ. ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ನಾನೂರು ಬಂತು, ನಲವತ್ತಾಯಿತು, ನಾಲ್ಕಕ್ಕೆ ಇಳಿಯಿತು. ಅತ್ತೆ ಕಣ್ಣು ಕದಲಿಸಲಿಲ್ಲ.

"ಒಂದು."

"ಯಾವ ಹಾವು?"

"ಮದುವೆಯಾದ ಹೊಸದ್ರಲ್ಲಿ, ಅಂಗಡೀಲಿ, ಕರೆಂಟ್ ಹೋದಾಗ. ಗೋಣಿಚೀಲ ಹಾಕಿ ಮೇಲೆ ಕೂತ್ಕಂಡು ದಾಕ್ಷಾಯಿಣೀನ ಕರೆಸ್ದೆ." ಪಂಚಾಕ್ಷರಿ ಮೂಗು ಉಜ್ಜಿಕೊಂಡ. "ಅವಳು ಬಂದು ತೆಗೆದು ನೋಡಿದ್ರೆ ಮೋಟಾರಿನ ಬೆಲ್ಟು ಅತ್ತೆ."